ಓಪನ್‌ಸ್ಲೈಡ್ ಸಾಕಾ? ಮೂರು ಸ್ಕ್ಯಾನರ್, ಮೂರು ಥರದ ಫೈಲ್, ಒಂದೇ ವ್ಯೂವರ್

ಕೋಡುಬಳೆ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ಸಹಿಸಿಕೊಳ್ಳಿ.

ನಾವು ಮೈಸೂರಿನಲ್ಲಿ ಮೂರು ಜನರ ತಂಡ. ಒಂದು ಮೆಡಿಕಲ್ ಕಾಲೇಜಿನ ಪ್ಯಾಥಾಲಜಿ ವಿಭಾಗಕ್ಕೆ ಸ್ಲೈಡ್ ವ್ಯೂವರ್, ಅಂದರೆ ಸ್ಕ್ಯಾನ್ ಮಾಡಿದ ಗಾಜಿನ ಸ್ಲೈಡ್ ನೋಡುವ ಸಾಫ್ಟ್‌ವೇರ್ ಮಾಡಿಕೊಡುತ್ತಿದ್ದೇವೆ. ರೋಗ ಪತ್ತೆಗೆ ಅಲ್ಲ, ಪಾಠಕ್ಕೆ ಮಾತ್ರ. ವಿದ್ಯಾರ್ಥಿಗಳು ಮೈಕ್ರೋಸ್ಕೋಪಿಗೆ ಸರದಿ ಕಾಯುವ ಬದಲು ಬ್ರೌಸರ್‌ನಲ್ಲೇ ಸ್ಲೈಡ್ ತೆಗೆದು ಝೂಮ್ ಮಾಡಿ ನೋಡಬೇಕು. ಇಷ್ಟೇ ತಾನೇ ಅಂತ ಒಪ್ಪಿಕೊಂಡೆವು.

ಫೈಲ್‌ಗಳು ಕೈಗೆ ಬಂದ ಮೇಲೆ ಗೊತ್ತಾಯಿತು. ಮೂರು ಕಡೆ ಸ್ಕ್ಯಾನ್ ಮಾಡಿಸಿದ್ದಾರೆ. ಒಂದಷ್ಟು ಅಪೀರಿಯೋದ ಎಸ್‌ವಿಎಸ್, ಒಂದಷ್ಟು ಹಮಾಮಾಟ್ಸುವಿನ ಎನ್‌ಡಿಪಿಐ, ಉಳಿದದ್ದು ಮಿರಾಕ್ಸ್, ಅಂದರೆ ಎಂಆರ್‌ಎಕ್ಸ್‌ಎಸ್. ಒಂದೊಂದು ಕಂಪನಿಯದು ಒಂದೊಂದು ಅಡುಗೆ. ಅವರವರ ವ್ಯೂವರ್ ಅವರವರ ಫೈಲ್ ಬಿಟ್ಟು ಬೇರೆಯದನ್ನು ಮುಟ್ಟುವುದಿಲ್ಲ.

ಹುಡುಕಿದಾಗ ಸಿಕ್ಕಿದ್ದು ಓಪನ್‌ಸ್ಲೈಡ್, ಇಂಥ ಸ್ಲೈಡ್ ಫೈಲ್ ಓದುವ ಫ್ರೀ ಲೈಬ್ರರಿ. ಮೂರನ್ನೂ ಓದುತ್ತೆ ಅಂತ ಪಟ್ಟಿಯಲ್ಲಿದೆ. ಪಟ್ಟಿ ನಂಬಿ ಮುಂದೆ ಹೋಗಬಹುದಾ, ಇಲ್ಲ ಇದೇ ಥರದ ಇನ್ನೊಂದು ಲೈಬ್ರರಿ ಬಯೋ-ಫಾರ್ಮ್ಯಾಟ್ಸ್ ಕಡೆ ನೋಡಬೇಕಾ? ಯಾರಾದರೂ ದಿನನಿತ್ಯ ಬಳಸಿದವರಿದ್ದರೆ ಹೇಳಿ. ಸೋಮವಾರ ಬಾಸ್‌ಗೆ ಉತ್ತರ ಕೊಡಬೇಕು.

ತುಂಗಾತೀರ

ಮೊದಲು ಪಿಲ್ಲೋ, ಅದೇ ಪೈಥಾನ್‌ನ ಮಾಮೂಲಿ ಚಿತ್ರದ ಲೈಬ್ರರಿಯಲ್ಲಿ ತೆಗೆಯೋಕೆ ಹೋಗಿದ್ರಿ ತಾನೇ? ನಿಜ ಹೇಳಿ 😄

ಕೋಡುಬಳೆ

ಹೌದು ಮಾರಾಯ್ರೇ. "ಡಿಕಂಪ್ರೆಷನ್ ಬಾಂಬ್" ಅಂತ ಎರರ್ ಬಂತು. ಆಫೀಸಲ್ಲಿ ಬಾಂಬ್ ಅಂತ ಜೋರಾಗಿ ಓದಬಾರದಿತ್ತು.

ಹಳೇ_ಸಿ

ಪಿಲ್ಲೋದ ತಪ್ಪಿಲ್ಲ. ಸುಮಾರು 9 ಕೋಟಿ ಪಿಕ್ಸೆಲ್ ದಾಟಿದರೆ ಅದು ಎಚ್ಚರಿಸುತ್ತೆ, ಅದರ ಎರಡರಷ್ಟಾದರೆ ತೆಗೆಯುವುದೇ ಇಲ್ಲ. ನಿಮ್ಮ ಸ್ಲೈಡ್ ಲೆಕ್ಕ ಹಾಕಿ ನೋಡಿ. 40ಎಕ್ಸ್ (40 ಪಟ್ಟು ಹಿಗ್ಗಿಸುವ ಲೆನ್ಸ್) ಸ್ಕ್ಯಾನ್‌ನಲ್ಲಿ ಒಂದು ಪಿಕ್ಸೆಲ್ ಅಂದರೆ ಕಾಲು ಮೈಕ್ರಾನ್ ಅಂದಾಜು. ಗಾಜಿನ ಮೇಲಿನ ತುಣುಕು 15 ಮಿಲಿಮೀಟರ್ ಅಗಲ, ಅಷ್ಟೇ ಉದ್ದ ಇದ್ದರೂ 60,000 × 60,000 ಪಿಕ್ಸೆಲ್ ಆಯಿತು. 360 ಕೋಟಿ. ಬಿಚ್ಚಿ ಮೆಮೊರಿಯಲ್ಲಿಟ್ಟರೆ 10 ಜಿಬಿಗಿಂತ ಜಾಸ್ತಿ.

ಹಾಗಾಗಿ ಈ ಫೈಲ್‌ಗಳನ್ನು ಯಾರೂ ಪೂರ್ತಿ ತೆಗೆಯುವುದಿಲ್ಲ. ಶಾಲೆಯ ಅಟ್ಲಾಸ್ ನೆನಪಿದೆಯಾ? ಮೊದಲ ಪುಟದಲ್ಲಿ ಪ್ರಪಂಚ, ಆಮೇಲೆ ಭಾರತ, ಆಮೇಲೆ ಕರ್ನಾಟಕ. ಇಲ್ಲೂ ಹಾಗೇ. ಒಂದೇ ಚಿತ್ರವನ್ನು ನಾಲ್ಕಾರು ಅಳತೆಯಲ್ಲಿ, ಚೌಕ ಚೌಕ ಮಾಡಿ ಇಟ್ಟಿರುತ್ತಾರೆ. ನಿಮಗೆ ಬೇಕಾದ ಅಳತೆಯ, ಬೇಕಾದ ಚೌಕವನ್ನಷ್ಟೇ ಎತ್ತಿಕೊಡುವುದು ಓಪನ್‌ಸ್ಲೈಡ್ ಕೆಲಸ. ಬೇರೇನೂ ಮಾಡಲ್ಲ. ಬರೆಯಲ್ಲ, ತಿದ್ದಲ್ಲ, ಓದುತ್ತೆ ಅಷ್ಟೇ. ಸಿ ಭಾಷೆಯಲ್ಲಿದೆ, ಪೈಥಾನ್‌ಗೂ ಜಾವಾಕ್ಕೂ ಬೈಂಡಿಂಗ್ ಇದೆ, ಅಂದರೆ ಆ ಭಾಷೆಗಳಿಂದಲೂ ಕರೆಯಬಹುದು.

ನಿಮ್ಮ ಮೂರು ಫಾರ್ಮ್ಯಾಟ್‌ಗೆ ಸಾಕು. ನಾನು ಏಳು ವರ್ಷದಿಂದ ಬಳಸುತ್ತಿದ್ದೇನೆ. ಆದರೆ ಪಟ್ಟಿ ನಂಬಬೇಡಿ, ನಿಮ್ಮ ಸ್ಕ್ಯಾನರ್‌ನಿಂದ ಬಂದ ಫೈಲ್ ನಂಬಿ. ಪಟ್ಟಿಯಲ್ಲಿ ಫೈಲಿನ ಹೆಸರಿರುತ್ತೆ, ಅದರೊಳಗೆ ಯಾವ ಥರ ಕುಗ್ಗಿಸಿ ತುಂಬಿದ್ದಾರೆ ಅಂತ ಇರಲ್ಲ.

ಬಯಲುಸೀಮೆ

ಬಯೋ-ಫಾರ್ಮ್ಯಾಟ್ಸ್ ಪರವಾಗಿ ಒಂದು ಮಾತು. 150ಕ್ಕೂ ಹೆಚ್ಚು ಫಾರ್ಮ್ಯಾಟ್ ಓದುತ್ತೆ. ಝೈಸ್‌ನ ಸಿಝಡ್‌ಐ, ಲೈಕಾದ ಎಲ್‌ಐಎಫ್, ಫ್ಲೋರೆಸೆನ್ಸ್‌ನ (ಬೆಳಕು ಬಿಟ್ಟರೆ ಹೊಳೆಯುವ ಬಣ್ಣ ಹಾಕಿದ ಸ್ಲೈಡ್) ಹತ್ತಾರು ಚಾನಲ್, ಪದರ ಪದರದ ಝಡ್-ಸ್ಟ್ಯಾಕ್, ಎಲ್ಲಾ. ಓಪನ್‌ಸ್ಲೈಡ್ ಮೂಲದಲ್ಲಿ ಬಣ್ಣದ ಸಾದಾ ಸ್ಲೈಡ್‌ಗೆ ಅಂತಲೇ ಮಾಡಿದ್ದು. ನಾಳೆ ಕಾಲೇಜಿನವರು ಫ್ಲೋರೆಸೆನ್ಸ್ ಸ್ಲೈಡ್ ತಂದುಕೊಟ್ಟರೆ ಏನ್ಮಾಡ್ತೀರಿ? ಈಗಲೇ ದೊಡ್ಡದಕ್ಕೆ ಹೋಗುವುದು ಒಳ್ಳೆಯದಲ್ವಾ?

ಹಳೇ_ಸಿ

ನಾಳೆ ಆನೆ ಬರಬಹುದು ಅಂತ ಇವತ್ತೇ ಆನೆ ಬಾಗಿಲು ಇಡೋದಾ?

ಬಯಲುಸೀಮೆ

ಆನೆ ಬಂದಾಗ ಗೋಡೆ ಒಡೆಯೋದು ನೀವಲ್ಲ ಬಿಡಿ ಸರ್, ಪಾಪ ಕೋಡುಬಳೆ.

ರಾಗಿಮುದ್ದೆ

ಬಯೋ-ಫಾರ್ಮ್ಯಾಟ್ಸ್ ಜಾವಾ. ಪೈಥಾನ್ ಸರ್ವರ್ ಜೊತೆ ಜಾವಾ ಓಡಿಸುವ ಒಂದು ಜೆವಿಎಂ ಕೂಡ ಸಾಕಬೇಕು. ಎರಡು ವರ್ಷ ಸಾಕಿದ್ದೇನೆ. ಮೆಮೊರಿ ಸಾಲದೆ ಬಿದ್ದಾಗ ಪೈಥಾನ್ ಬಿತ್ತಾ ಜಾವಾ ಬಿತ್ತಾ ಅಂತ ಹುಡುಕೋದರಲ್ಲೇ ರಾತ್ರಿ ಕಳೆಯುತ್ತೆ. ಮೊದಲ ಸಲ ಫೈಲ್ ತೆಗೆಯುವಾಗ ಒಳಗಿನ ವಿವರವೆಲ್ಲ ಓದಿಕೊಳ್ಳೋಕೆ ಸಮಯ ತಗೊಳ್ಳುತ್ತೆ. ಸಂಶೋಧನೆಗೆ ಅದು ಚಿನ್ನ, ಇಲ್ಲ ಅನ್ನಲ್ಲ. ವೆಬ್ ವ್ಯೂವರ್‌ಗೆ ಭಾರ.

ಸ್ಲೈಡ್ ವಿಶ್ಲೇಷಣೆಯ ಸಾಫ್ಟ್‌ವೇರ್ ಕ್ಯೂಪಾತ್ ನೋಡಿ. ಅದು ಎರಡನ್ನೂ ಒಳಗೆ ಇಟ್ಟುಕೊಂಡಿದೆ. ಜಗಳವೇ ಇಲ್ಲ.

ಕಂಪೈಲರ್ ಕಾಕಾ

ಲೈಸೆನ್ಸ್ ಯಾರೂ ಕೇಳವಲ್ರಲ್ಲಾ? ನೋಡ್ರಿ ತಮ್ಮಾ, ಓಪನ್‌ಸ್ಲೈಡ್ ಎಲ್‌ಜಿಪಿಎಲ್ 2.1. ಬಯೋ-ಫಾರ್ಮ್ಯಾಟ್ಸ್‌ನ ಬಹಳಷ್ಟು ರೀಡರ್‌ಗಳು ಜಿಪಿಎಲ್. ನೀವು ಕಾಲೇಜಿಗೆ ಸಾಫ್ಟ್‌ವೇರ್ ಮಾಡಿ ಕೊಡ್ತೀರಿ ಅಂದ್ರ, ಕೊಡೋದು ಅಂದ್ರ ಹಂಚೋದು. ಜಿಪಿಎಲ್ ಒಳಗ ಸೇರಿಸಿ ಕೊಟ್ರ ನಿಮ್ಮ ಕೋಡೂ ಅದೇ ಲೈಸೆನ್ಸ್‌ನಾಗ ಕೊಡಬೇಕಾಗ್ತದ.

ಬಯಲುಸೀಮೆ

ಕಾಕಾ, ತಮ್ಮ ಸರ್ವರ್‌ನಲ್ಲೇ ಓಡಿಸಿ ಬ್ರೌಸರ್‌ನಲ್ಲಿ ತೋರಿಸಿದರೆ ಹಂಚಿದ ಹಾಗಲ್ಲ. ಏಜಿಪಿಎಲ್ ಆಗಿದ್ದರೆ ಬೇರೆ ಮಾತು, ಅದು ಸರ್ವರ್‌ನಲ್ಲಿ ಓಡಿಸಿದರೂ ಅನ್ವಯಿಸುತ್ತೆ.

ಕಂಪೈಲರ್ ಕಾಕಾ

ಸರ್ವರ್ ಯಾರದು? ಅದನ್ನ ಮೊದಲ ಕೇಳ್ರಿ. ಕಾಲೇಜಿನ ಕಟ್ಟಡದಾಗ ಇಟ್ರ ಕೊಟ್ಟಂಗ ಆತು.

ಕೋಡುಬಳೆ

ಕಾಲೇಜಿನ ಕಟ್ಟಡದಲ್ಲೇ ಇರೋದು. ಅಯ್ಯೋ. ಇದು ತಲೆಗೇ ಹೊಳೆದಿರಲಿಲ್ಲ ಕಾಕಾ, ಥ್ಯಾಂಕ್ಸ್.

ಹಳೇ_ಸಿ

ಎಲ್‌ಜಿಪಿಎಲ್ ಆದರೆ ಲೈಬ್ರರಿಯನ್ನು ಬೇರೆಯಾಗಿ ಇಟ್ಟು ಲಿಂಕ್ ಮಾಡಿದರೆ ನಿಮ್ಮ ಕೋಡ್ ನಿಮ್ಮದೇ. ಬಳಸಿದ್ದೇವೆ ಅಂತ ಹೇಳಬೇಕು, ಲೈಸೆನ್ಸ್ ಪ್ರತಿ ಜೊತೆಗಿರಬೇಕು, ಅವರು ಬೇಕಾದರೆ ಆ ಲೈಬ್ರರಿಯನ್ನು ಬದಲಾಯಿಸಿಕೊಳ್ಳುವ ಹಾಗಿರಬೇಕು. ಪೈಥಾನ್‌ನಲ್ಲಿ ಇದು ತಾನಾಗಿಯೇ ಆಗುತ್ತೆ.

ಸ್ಟೇನ್‌ಡಾಕ್ಟರ್

ನಾನು ಪ್ಯಾಥಾಲಜಿಸ್ಟ್. ಕೋಡ್ ಬರಲ್ಲ, ಆದರೆ ಇಂಥ ವ್ಯೂವರ್‌ಗಳನ್ನು ದಿನಾ ಬೈದುಕೊಂಡು ಬಳಸುತ್ತೇನೆ. ಎರಡು ಮಾತು.

ಒಂದು, ಬಣ್ಣ. ಹೆಮಟಾಕ್ಸಿಲಿನ್-ಇಯೋಸಿನ್ ಸ್ಟೇನ್‌ನಲ್ಲಿ ನ್ಯೂಕ್ಲಿಯಸ್ ನೀಲಿ-ನೇರಳೆ, ಸುತ್ತಲಿನದು ಗುಲಾಬಿ. ಒಂದೇ ಗಾಜನ್ನು ಎರಡು ಸ್ಕ್ಯಾನರ್‌ಗೆ ಹಾಕಿದರೆ ಒಂದರಲ್ಲಿ ಜಾಮೂನಿನ ಬಣ್ಣ, ಇನ್ನೊಂದರಲ್ಲಿ ನೇರಳೆ ಹಣ್ಣಿನ ಬಣ್ಣ. ನನಗೆ ರೂಢಿ ಆಗಿದೆ. ಎರಡನೇ ವರ್ಷದ ಹುಡುಗರಿಗೆ ಅದೇ ರೋಗದ ಲಕ್ಷಣ ಅನ್ನಿಸಿಬಿಡುತ್ತೆ.

ಎರಡು, ಲೇಬಲ್. ಗಾಜಿನ ಒಂದು ತುದಿಯಲ್ಲಿ ಕಾಗದ ಅಂಟಿಸಿರುತ್ತಾರೆ. ಅದರಲ್ಲಿ ಬಯಾಪ್ಸಿ ನಂಬರ್ ಇರುತ್ತೆ, ಕೆಲವು ಕಡೆ ರೋಗಿಯ ಹೆಸರೂ ಇರುತ್ತೆ, ಪೆನ್ಸಿಲ್‌ನಲ್ಲಿ ಬರೆದದ್ದು. ಸ್ಕ್ಯಾನರ್ ಅದನ್ನೂ ಫೋಟೋ ತೆಗೆದು ಫೈಲ್ ಒಳಗೇ ಇಟ್ಟಿರುತ್ತೆ. ನೀವು ಅದನ್ನು ವಿದ್ಯಾರ್ಥಿಗಳಿಗೆ ತೋರಿಸುತ್ತಿಲ್ಲ ತಾನೇ?

ಕೋಡುಬಳೆ

ಮೇಡಂ, ಲೇಬಲ್ ಫೋಟೋ ಫೈಲ್ ಒಳಗಿರುತ್ತೆ ಅಂತಲೇ ಗೊತ್ತಿರಲಿಲ್ಲ. ಈಗಲೇ ನೋಡುತ್ತೇನೆ.

ತುಂಗಾತೀರ

ಓಪನ್‌ಸ್ಲೈಡ್‌ನಲ್ಲಿ "ಅಸೋಸಿಯೇಟೆಡ್ ಇಮೇಜಸ್" ಅಂತ ಒಂದು ಪಟ್ಟಿ ಸಿಗುತ್ತೆ. ಎಸ್‌ವಿಎಸ್ ಆದರೆ ಸಾಮಾನ್ಯವಾಗಿ ಮೂರು: ಥಂಬ್‌ನೇಲ್, ಲೇಬಲ್, ಮ್ಯಾಕ್ರೋ. ಲೇಬಲ್ ಕೊಡದಿದ್ದರೆ ಆಯಿತು.

ಕೋಡುಬಳೆ

ನೋಡಿದೆ. ಎಸ್‌ವಿಎಸ್‌ನಲ್ಲಿ ಲೇಬಲ್ ಬೇರೆಯಾಗಿದೆ, ತಡೆಯಬಹುದು. ಆದರೆ ಎನ್‌ಡಿಪಿಐಯಲ್ಲಿ ಲೇಬಲ್ ಅನ್ನೋ ಹೆಸರೇ ಇಲ್ಲ. ಸದ್ಯ ಬಚಾವ್ ಅಂದುಕೊಂಡೆ. ಸುಮ್ನೆ ಮ್ಯಾಕ್ರೋ ತೆಗೆದು ನೋಡಿದರೆ ಇಡೀ ಗಾಜಿನ ಫೋಟೋ, ಎಡಗಡೆ ಲೇಬಲ್ ಸಮೇತ. ಹೆಸರು, ವಯಸ್ಸು, ಎಲ್ಲಾ ಓದಬಹುದು. ನಮ್ಮ ಹೋಮ್ ಪೇಜಿನಲ್ಲಿ ಪ್ರತಿ ಸ್ಲೈಡಿಗೂ ಮ್ಯಾಕ್ರೋವನ್ನೇ ಪುಟ್ಟ ಚಿತ್ರವಾಗಿ ಹಾಕಿದ್ದೆವು. ಚೆನ್ನಾಗಿ ಕಾಣುತ್ತೆ ಅಂತ. ಈಗ ತೆಗೆದೆ. ಕೈ ನಡುಗುತ್ತಿದೆ.

ಸ್ಟೇನ್‌ಡಾಕ್ಟರ್

ಡೆಮೋದಲ್ಲಿ ಸಿಕ್ಕಿತಲ್ಲ, ಪುಣ್ಯ. ಮೂಲ ಫೈಲನ್ನು ಯಾರಿಗೂ ಡೌನ್‌ಲೋಡ್ ಮಾಡಲು ಬಿಡಬೇಡಿ. ನೀವು ತೋರಿಸದಿದ್ದರೂ ಫೈಲ್ ಒಳಗೆ ಅದು ಇದ್ದೇ ಇರುತ್ತೆ.

ಬಯಲುಸೀಮೆ

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬೇರೆ ಇದೆ. ಕಾಲೇಜಿನವರ ಹತ್ತಿರ ಇದನ್ನು ಬರವಣಿಗೆಯಲ್ಲೇ ಮಾತಾಡಿ.

ಅಡಿಕೆಪಟ್ಟೆ

ಮಿರಾಕ್ಸ್ ಬಗ್ಗೆ ನನ್ನದೊಂದು ಕಥೆ. ಒಂದು ಲ್ಯಾಬ್‌ನವರು "ನಿಮ್ಮ ಸಾಫ್ಟ್‌ವೇರ್ ನಮ್ಮ ಸ್ಲೈಡ್ ತೆಗೆಯಲ್ಲ" ಅಂತ ದೂರು ಕೊಟ್ಟರು. ಫೈಲ್ ಕಳಿಸಿ ಅಂದೆ. ಇಮೇಲ್‌ನಲ್ಲೇ ಬಂತು! ನಾನು ಪೆದ್ದ, ಇಡೀ ಸ್ಲೈಡ್ ಇಮೇಲ್‌ನಲ್ಲಿ ಹೇಗೆ ಬಂತು ಅಂತ ಆಗ ಯೋಚಿಸಲೇ ಇಲ್ಲ. ಎರಡು ದಿನ ಕೋಡ್ ಕೆದಕಿದೆ.

ಆಮೇಲೆ ಗೊತ್ತಾಯಿತು. ಎಂಆರ್‌ಎಕ್ಸ್‌ಎಸ್ ಅನ್ನೋ ಫೈಲ್ ಬರೀ ಬಾಗಿಲು. ಮನೆ ಪಕ್ಕದಲ್ಲಿದೆ. ಅದೇ ಹೆಸರಿನ ಒಂದು ಫೋಲ್ಡರ್ ಇರುತ್ತೆ, ಅದರೊಳಗೆ ಸ್ಲೈಡ್‌ಡ್ಯಾಟ್ ಡಾಟ್ ಐಎನ್‌ಐ, ಒಂದು ರಾಶಿ ಡ್ಯಾಟ್ ಫೈಲ್. ಚಿತ್ರವೆಲ್ಲ ಅಲ್ಲೇ. ಅವರು ಬಾಗಿಲು ಕಿತ್ತು ಕಳಿಸಿದ್ದರು.

ಇನ್ನೊಂದು ಸಲ ಫೋಲ್ಡರ್ ಕೂಡ ಕಳಿಸಿದರು, ಆದರೆ ಯಾರೋ ಫೈಲಿನ ಹೆಸರು ಮಾತ್ರ ಬದಲಾಯಿಸಿ "ಹೊಸದು" ಅಂತ ಇಟ್ಟಿದ್ದರು. ಫೋಲ್ಡರ್ ಹಳೇ ಹೆಸರಲ್ಲೇ ಇತ್ತು. ಮತ್ತೆ ತೆಗೆಯಲಿಲ್ಲ. ನಿಮ್ಮ ಅಪ್‌ಲೋಡ್ ಪುಟ ಒಂದೇ ಫೈಲ್ ತಗೊಳ್ಳುತ್ತೆ ಅಂದರೆ ಮಿರಾಕ್ಸ್ ಮರೆತುಬಿಡಿ. ಜಿಪ್ ಮಾಡಿ ತಗೊಳ್ಳಿ.

ಕೋಡುಬಳೆ

ಒಂದೇ ಫೈಲ್ ತಗೊಳ್ಳುತ್ತೆ. 🙂 ಬದಲಾಯಿಸುತ್ತೇನೆ.

ಪಡುವಣ

ಮಧ್ಯೆ ಬಾಯಿ ಹಾಕುತ್ತಿದ್ದೇನೆ. ಸ್ಲೈಡ್‌ಗೆ ಕನ್ನಡದಲ್ಲಿ ಏನಂತೀರಿ? ನಮ್ಮ ಹೈಸ್ಕೂಲ್ ಪುಸ್ತಕದಲ್ಲಿ "ಗಾಜುಪಟ್ಟಿ" ಅಂತ ಓದಿದ ನೆನಪು.

ಸ್ಟೇನ್‌ಡಾಕ್ಟರ್

ನಮ್ಮ ಲ್ಯಾಬಿನ ಅಟೆಂಡರ್ "ಗ್ಲಾಸು" ಅಂತಾನೆ. "ಮೇಡಂ, ಹತ್ತು ಗ್ಲಾಸು ರೆಡಿ." ಹೊಸದಾಗಿ ಬಂದ ಪಿಜಿ ಹುಡುಗಿ ಟೀ ಅಂದುಕೊಂಡಿದ್ದಳು.

ರಾಗಿಮುದ್ದೆ

ವಿಷಯಕ್ಕೆ ಬರೋಣ. ಕೋಡುಬಳೆ, ಟೈಲ್, ಅಂದರೆ ಆ ಚೌಕಗಳನ್ನು ಹೇಗೆ ತೆಗೆಯುತ್ತಿದ್ದೀರಿ? ಓಪನ್‌ಸ್ಲೈಡ್‌ನ ರೀಡ್-ರೀಜನ್ ಫಂಕ್ಷನ್ ನೇರವಾಗಿ ಕರೆಯುತ್ತಿದ್ದರೆ ಎಲ್ಲರೂ ಬೀಳುವ ಗುಂಡಿಗೆ ನೀವೂ ಬಿದ್ದಿರುತ್ತೀರಿ.

ಕೋಡುಬಳೆ

ಹೌದು, ನೇರವಾಗಿ. ಗುಂಡಿ ಯಾವುದು? ದೂರದ ನೋಟ ಸರಿ ಇದೆ. ಝೂಮ್ ಮಾಡುತ್ತಾ ಹೋದರೆ ಮಧ್ಯದ ಮಟ್ಟಗಳಲ್ಲಿ ಬರೀ ಬಿಳಿ ಬರುತ್ತೆ. ಪೂರ್ತಿ ಹತ್ತಿರ ಹೋದರೆ ಮತ್ತೆ ಸರಿ. ಫೈಲ್ ಕೆಟ್ಟಿದೆ ಅಂದುಕೊಂಡಿದ್ದೆ.

ರಾಗಿಮುದ್ದೆ

ಹಾ, ಅದೇ. ಫೈಲ್ ಕೆಟ್ಟಿಲ್ಲ.

ಓಪನ್‌ಸ್ಲೈಡ್‌ನವರೇ ಪರೀಕ್ಷೆಗೆ ಇಟ್ಟಿರುವ ಸಿಎಂಯು-1 ಅನ್ನೋ ಎಸ್‌ವಿಎಸ್ ಇಳಿಸಿಕೊಳ್ಳಿ. ಮೂರು ಲೆವೆಲ್ ಇದೆ, ಅಂದರೆ ಅದೇ ಚಿತ್ರ ಮೂರು ಅಳತೆಯಲ್ಲಿ. ಸೊನ್ನೆಯದು 46000 × 32914. ಒಂದನೆಯದು 11500 × 8228. ಎರಡನೆಯದು 2875 × 2057. ಅಂದರೆ ಎರಡನೇ ಲೆವೆಲ್ ಮೂಲಕ್ಕಿಂತ 16 ಪಟ್ಟು ಚಿಕ್ಕದು.

ಎರಡನೇ ಲೆವೆಲ್‌ನಲ್ಲಿ 1000, 1000 ಅನ್ನೋ ಜಾಗದಿಂದ ಒಂದು ಚೌಕ ಬೇಕು ಅನ್ನಿ. ನೀವು 1000, 1000 ಅಂತಲೇ ಕೊಡುತ್ತೀರಿ. ಅದು ತಪ್ಪು. ಜಾಗವನ್ನು ಯಾವಾಗಲೂ ಸೊನ್ನೆ ಲೆವೆಲ್ ಲೆಕ್ಕದಲ್ಲಿ ಕೊಡಬೇಕು: 16000, 16000. ಆದರೆ ಚೌಕದ ಅಳತೆ ಮಾತ್ರ ಎರಡನೇ ಲೆವೆಲ್ ಲೆಕ್ಕದಲ್ಲೇ. ಒಂದೇ ಕರೆಯಲ್ಲಿ ಎರಡು ಥರದ ಅಳತೆ. 1000, 1000 ಕೊಟ್ಟರೆ ಸ್ಲೈಡಿನ ಎಡ ಮೇಲಿನ ಮೂಲೆ ಬರುತ್ತೆ. ಅಲ್ಲಿ ಖಾಲಿ ಗಾಜು ತಾನೇ ಇರೋದು? ಅದಕ್ಕೇ ಬಿಳಿ. ಎರರ್ ಬರಲ್ಲ, ಅದೇ ಕಷ್ಟ.

ಕೋಡುಬಳೆ

ಮೂರು ದಿನ. ಇದಕ್ಕೆ ಮೂರು ದಿನ ಹಾಳು ಮಾಡಿದೆ.

ಹಳೇ_ಸಿ

ಡಾಕ್ಯುಮೆಂಟೇಷನ್‌ನಲ್ಲಿ ಒಂದು ಸಾಲಲ್ಲಿ ಬರೆದಿದ್ದಾರೆ. ಒಂದೇ ಸಾಲು, ಹೌದು.

ತುಂಗಾತೀರ

ಇನ್ನೂ ಬೇಜಾರಾಗೋ ಸುದ್ದಿ ಹೇಳಲಾ? ಪೈಥಾನ್ ಬೈಂಡಿಂಗ್‌ನಲ್ಲಿ ಡೀಪ್‌ಝೂಮ್ ಜನರೇಟರ್ ಅಂತ ಇದೆ. ಮಟ್ಟ, ಸಾಲು, ಕಂಬ ಹೇಳಿದರೆ ಸರಿಯಾದ ಟೈಲ್ ಕೊಡುತ್ತೆ. ಈ ಗುಣಾಕಾರವೆಲ್ಲ ಅದೇ ಮಾಡಿಕೊಳ್ಳುತ್ತೆ. ಮುಂದೆ ಬ್ರೌಸರ್‌ನಲ್ಲಿ ಟೈಲ್ ಝೂಮ್ ಮಾಡಿ ತೋರಿಸುವ ಓಪನ್‌ಸೀಡ್ರ್ಯಾಗನ್ ಕೂರಿಸಿದರೆ ವ್ಯೂವರ್ ಮುಗಿಯಿತು. ಉದಾಹರಣೆ ಸರ್ವರ್ ಕೂಡ ಜೊತೆಗೇ ಕೊಟ್ಟಿದ್ದಾರೆ.

ಕೋಡುಬಳೆ

😶

ಬಯಲುಸೀಮೆ

ಲಿಬ್‌ವಿಪ್ಸ್ ಅನ್ನೋ ಚಿತ್ರದ ಲೈಬ್ರರಿ ಬಗ್ಗೆ ಯಾರೂ ಹೇಳಲಿಲ್ಲ. ಅದು ಒಳಗೆ ಓಪನ್‌ಸ್ಲೈಡನ್ನೇ ಬಳಸಿಕೊಂಡು ಎಲ್ಲಾ ಟೈಲ್‌ಗಳನ್ನೂ ಮೊದಲೇ ಕತ್ತರಿಸಿ ಇಡುತ್ತೆ, ಡಿಝಡ್‌ಸೇವ್ ಅನ್ನೋ ಒಂದೇ ಕಮಾಂಡ್. ಆಮೇಲೆ ಸರ್ವರ್‌ಗೆ ಕೆಲಸವೇ ಇಲ್ಲ. ಲೇಬಲ್ ಸಮಸ್ಯೆಯೂ ಇಲ್ಲ, ಕತ್ತರಿಸಿದ ಟೈಲ್‌ಗಳಲ್ಲಿ ಅದು ಬರುವುದೇ ಇಲ್ಲ.

ಅಡಿಕೆಪಟ್ಟೆ

ಟೈಲ್ ಸಂಖ್ಯೆ ಲೆಕ್ಕ ಹಾಕಿದ್ದೀರಾ? ಮೇಲಿನ ಸಿಎಂಯು-1 ಅನ್ನೇ 254ರ ಚೌಕ ಮಾಡಿದರೆ 182 ಕಂಬ, 130 ಸಾಲು. ದೊಡ್ಡ ಮಟ್ಟ ಒಂದರಲ್ಲೇ 23,660 ಫೈಲ್. ಅದು 20ಎಕ್ಸ್ ಸ್ಲೈಡ್. 40ಎಕ್ಸ್ ಆದರೆ ಇದರ ನಾಲ್ಕರಷ್ಟು. ಇನ್ನೂರು ಸ್ಲೈಡ್ ಇಟ್ಟು ಬ್ಯಾಕಪ್ ತೆಗೆಯಿರಿ ನೋಡೋಣ. ನಮ್ಮ ಬ್ಯಾಕಪ್ ಶುಕ್ರವಾರ ಶುರುವಾಗಿ ಸೋಮವಾರವೂ ಓಡುತ್ತಿತ್ತು.

ಬಯಲುಸೀಮೆ

ಜಿಪ್ ಒಳಗೇ ಬರೆಯುವ ಆಯ್ಕೆ ಇದೆ.

ಅಡಿಕೆಪಟ್ಟೆ

ಜಿಪ್‌ನಿಂದ ಟೈಲ್ ಎತ್ತಿಕೊಡೋಕೆ ಮತ್ತೆ ಸರ್ವರ್ ಬರೆಯಬೇಕಲ್ಲ ಸ್ವಾಮಿ. ಸುತ್ತಿ ಬಳಸಿ ಅದೇ ಜಾಗಕ್ಕೆ ಬಂದಿರಿ.

ನೆಲಮಾಳಿಗೆ

ಎಲ್ಲರೂ ಹೊಗಳುತ್ತಿದ್ದೀರಿ, ಒಂದು ಪ್ರಶ್ನೆ. 3.4.1 ಬಂದಿದ್ದು 2015ರಲ್ಲಿ. ಅದರ ಮುಂದಿನ 4.0.0 ಬಂದಿದ್ದು 2023ರಲ್ಲಿ. ಎಂಟು ವರ್ಷ ಹೊಸ ರಿಲೀಸ್ ಇಲ್ಲ. ಇಂಥದ್ದನ್ನು ಕಾಲೇಜಿಗೆ ಹತ್ತು ವರ್ಷದ ಮಟ್ಟಿಗೆ ಕೊಡುವುದು ಜಾಣತನವಾ? ಲೈಬ್ರರಿ ತೂಗಿ ನೋಡುವಾಗ ಮೊದಲು ನೋಡಬೇಕಾದದ್ದು ಅದು ಬದುಕಿದೆಯಾ ಅಂತ.

ಹಳೇ_ಸಿ

ನ್ಯಾಯವಾದ ಪ್ರಶ್ನೆ. ನನಗೂ 2020ರ ಹೊತ್ತಿಗೆ ಇದೇ ಭಯ ಇತ್ತು. ಆದರೆ ಎರಡು ವಿಷಯ.

ಸ್ಕ್ಯಾನರ್‌ನ ಫಾರ್ಮ್ಯಾಟ್‌ಗಳು ವಾರಕ್ಕೊಮ್ಮೆ ಬದಲಾಗುವುದಿಲ್ಲ. 2015ರ ಆವೃತ್ತಿ 2022ರಲ್ಲೂ ನನ್ನ ಎಸ್‌ವಿಎಸ್‌ಗಳನ್ನು ಹಾಗೇ ಓದುತ್ತಿತ್ತು. ಸುಮ್ಮನೆ ಇರುವ ಲೈಬ್ರರಿ ಎಲ್ಲಾ ಸತ್ತಿರಲ್ಲ. ಮತ್ತೆ 4.0.0 ಬಂದಾಗ ಡೈಕಾಮ್ (ವೈದ್ಯಕೀಯ ಚಿತ್ರಗಳ ಫಾರ್ಮ್ಯಾಟ್) ಓದುವುದು, ಸ್ಕ್ಯಾನರ್‌ನ ಬಣ್ಣ ಹೇಗಿದೆ ಅಂತ ಹೇಳುವ ಐಸಿಸಿ ಪ್ರೊಫೈಲ್ ಕೊಡುವುದು ಎರಡೂ ಬಂದವು. ಡಾಕ್ಟರ್ ಮೇಡಂ ಹೇಳಿದ ಜಾಮೂನು-ನೇರಳೆ ಹಣ್ಣಿನ ಕಥೆಗೆ ಮದ್ದು ಆ ಎರಡನೆಯದರಲ್ಲೇ ಇದೆ. ಪ್ರೊಫೈಲ್ ಇರುವ ಫೈಲ್ ಆದರೆ ಅದನ್ನು ಸ್ಕ್ರೀನ್‌ಗಳ ಮಾಮೂಲಿ ಬಣ್ಣದ ಲೆಕ್ಕವಾದ ಎಸ್‌ಆರ್‌ಜಿಬಿಗೆ ತಿರುಗಿಸಿ ತೋರಿಸಬಹುದು.

ಇನ್ನು ಇನ್‌ಸ್ಟಾಲ್ ಕಷ್ಟ. ಮೊದಲೆಲ್ಲ ವಿಂಡೋಸ್‌ನಲ್ಲಿ ಡಿಎಲ್‌ಎಲ್ ಹುಡುಕಿ ಸರಿಯಾದ ದಾರಿ ತೋರಿಸುವಷ್ಟರಲ್ಲಿ ಸಾಕುಬೇಕಾಗುತ್ತಿತ್ತು. ಈಗ ಓಪನ್‌ಸ್ಲೈಡ್-ಬಿನ್ ಅಂತ ಪೈಥಾನ್ ಪ್ಯಾಕೇಜ್ ಹಾಕುವ ಪಿಪ್‌ನಲ್ಲೇ ಸಿಗುತ್ತೆ. ಎರಡು ಪ್ಯಾಕೇಜ್ ಹಾಕಿದರೆ ಮುಗಿಯಿತು.

ನೆಲಮಾಳಿಗೆ

"ಸುಮ್ಮನಿರುವುದೆಲ್ಲ ಸತ್ತಿಲ್ಲ" ಅನ್ನೋದನ್ನ ನಾನು ನಮ್ಮ ಮ್ಯಾನೇಜರ್‌ಗೆ ಹೇಳಿದರೆ ನನ್ನ ಅಪ್ರೈಸಲ್ ಬಗ್ಗೆ ಹೇಳುತ್ತಿದ್ದೇನೆ ಅಂದುಕೊಳ್ಳುತ್ತಾರೆ.

ಪಡುವಣ

ಇದನ್ನು ಮಾಡಿದವರು ಯಾರು? ಕಂಪನಿಯಾ?

ಹಳೇ_ಸಿ

ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಮಹಾದೇವ್ ಸತ್ಯನಾರಾಯಣನ್ ಅವರ ತಂಡ. ಆಂಡ್ರ್ಯೂ ಫೈಲ್ ಸಿಸ್ಟಮ್, ಕೋಡಾ ಫೈಲ್ ಸಿಸ್ಟಮ್ ಅಂತ ಓದಿರುತ್ತೀರಲ್ಲ, ಅವರೇ. ಓಪನ್‌ಸ್ಲೈಡ್ ಬಗ್ಗೆ 2013ರಲ್ಲಿ ಪೇಪರ್ ಬರೆದಿದ್ದಾರೆ. ಪರೀಕ್ಷೆಯ ಸ್ಲೈಡಿಗೆ ಸಿಎಂಯು ಅಂತ ಹೆಸರು ಬಂದದ್ದೂ ಅಲ್ಲಿಂದಲೇ.

ಪಡುವಣ

ನಮ್ಮ ಕಡೆಯವರಾ?

ಹಳೇ_ಸಿ

ಐಐಟಿ ಮದ್ರಾಸ್‌ನಲ್ಲಿ ಓದಿದವರು. ನೀವು ಎಲ್ಲಿಯವರೆಗೆ "ನಮ್ಮ ಕಡೆ" ಎಳೆಯುತ್ತೀರಿ ಅನ್ನೋದರ ಮೇಲಿದೆ.

ಕೋಡುಬಳೆ

ಭಾನುವಾರದ ವರದಿ. ಡೀಪ್‌ಝೂಮ್ ಜನರೇಟರ್‌ಗೆ ಬದಲಾಯಿಸುವ ಮುಂಚೆ ನನ್ನ ಹಳೇ ಕೋಡ್‌ನಲ್ಲೇ ಮೂರೂ ಥರದ ಫೈಲ್ ಹಾಕಿ ನೋಡಿದೆ.

ಎಸ್‌ವಿಎಸ್: ಗುಣಾಕಾರ ಸರಿ ಮಾಡಿದ ಮೇಲೆ ನೀರು ಕುಡಿದಷ್ಟು ಸುಲಭ. ಒಂದೆರಡು ಫೈಲ್ ಮಾತ್ರ ಯಾಕೋ ನಿಧಾನ. ನೋಡಿದರೆ ಒಳಗೆ ಜೆಪೆಗ್ ಬದಲು ಜೆಪೆಗ್ 2000 ಇದೆ. ಹೊರಗಿನ ಹೆಸರು ಒಂದೇ, ಒಳಗೆ ಬೇರೆ. ಹಳೇ_ಸಿ ಸರ್ ಹೇಳಿದ ಮಾತು ಆಗ ಅರ್ಥ ಆಯಿತು.

ಎನ್‌ಡಿಪಿಐ: ಒಂದು ಬಿಟ್ಟು ಎಲ್ಲಾ ಸರಿ. ಆ ಒಂದು ಫೈಲ್‌ನಲ್ಲಿ ಒಂದು ಜಾಗಕ್ಕೆ ಹೋದ ತಕ್ಷಣ ಎರರ್, ಆಮೇಲೆ ಆ ಸ್ಲೈಡಿನ ಯಾವ ಟೈಲೂ ಬರಲ್ಲ. ಅರ್ಧ ನಿಮಿಷದ ಹಿಂದೆ ಬಂದ ಟೈಲ್ ಕೂಡ ಬರಲ್ಲ. ಸರ್ವರ್ ರೀಸ್ಟಾರ್ಟ್ ಮಾಡಿದರೆ ಮತ್ತೆ ಬರುತ್ತೆ.

ಮಿರಾಕ್ಸ್: ಬರುತ್ತೆ, ಆದರೆ ನಡುನಡುವೆ ಕಪ್ಪು ಚೌಕಗಳು. ತುಣುಕಿನ ಸುತ್ತ ಎಲ್ಲಾ ಕಡೆ ಕರ್ರಗೆ. ಗ್ರಹಣ ಹಿಡಿದ ಹಾಗಿದೆ.

ರಾಗಿಮುದ್ದೆ

ಎನ್‌ಡಿಪಿಐ: ಅದು ಓಪನ್‌ಸ್ಲೈಡ್ ಬೇಕಂತಲೇ ಮಾಡುವುದು. ಒಂದು ಸಲ ಎರರ್ ಆದರೆ ಆ ಹ್ಯಾಂಡಲ್, ಅಂದರೆ ಪ್ರೋಗ್ರಾಂನಲ್ಲಿ ತೆರೆದಿಟ್ಟ ಸ್ಲೈಡ್, ಮುನಿಸಿಕೊಂಡು ಕೂರುತ್ತೆ. ಆಮೇಲೆ ಏನು ಕೇಳಿದರೂ ಅದೇ ಎರರ್. ಮುಚ್ಚಿ ಮತ್ತೆ ತೆಗೆಯುವುದೊಂದೇ ದಾರಿ. ಎರರ್ ಬಂದರೆ ಹ್ಯಾಂಡಲ್ ಬಿಸಾಕಿ ಹೊಸದು ತೆಗೆಯುವ ಹಾಗೆ ಕೋಡ್ ಬರೆಯಿರಿ. ಫೈಲ್ ಪೂರ್ತಿ ಕಾಪಿ ಆಗಿದೆಯಾ ಅಂತಲೂ ನೋಡಿ. ಪೆನ್‌ಡ್ರೈವ್‌ನಿಂದ ಬಂದದ್ದಾ?

ಕೋಡುಬಳೆ

ಪೆನ್‌ಡ್ರೈವ್. ಮೂಲದ ಜೊತೆ ಸೈಜ್ ಹೋಲಿಸಿದೆ. ನಮ್ಮದು 4 ಜಿಬಿಗೆ ಸ್ವಲ್ಪ ಕಮ್ಮಿಯಲ್ಲಿ ನಿಂತಿದೆ, ಅವರದು 5 ಚಿಲ್ಲರೆ ಇದೆ.

ಕಂಪೈಲರ್ ಕಾಕಾ

ಫ್ಯಾಟ್32 ಪೆನ್‌ಡ್ರೈವ್! 4 ಜಿಬಿ ದಾಟಿ ಒಂದು ಫೈಲ್ ಹಿಡಿಯೂದಿಲ್ಲ ಅದು. ಲೈಬ್ರರಿಗೆ ಬೈದು ಬೈದು, ಕಳ್ಳ ಮನಿಯೊಳಗ ಇದ್ದ.

ಅಡಿಕೆಪಟ್ಟೆ

ಎನ್‌ಡಿಪಿಐಗೂ 4 ಜಿಬಿಗೂ ಹಳೇ ಜಗಳವೇ. ನೋಡೋಕೆ ಟಿಫ್ ಥರ, ಆದರೆ ಮಾಮೂಲಿ ಟಿಫ್‌ನಲ್ಲಿ ಫೈಲ್ ಒಳಗಿನ ವಿಳಾಸ 32 ಬಿಟ್, 4 ಜಿಬಿ ಆಚೆಗೆ ಬೆರಳು ತೋರಿಸಲು ಬರಲ್ಲ. ಹಮಾಮಾಟ್ಸು ತಮ್ಮದೇ ದಾರಿ ಮಾಡಿಕೊಂಡರು. ಓಪನ್‌ಸ್ಲೈಡ್‌ಗೆ ಅದು ಗೊತ್ತಿದೆ. ಸಾದಾ ಟಿಫ್ ಓದುವ ಟೂಲ್‌ಗಳು ಅಲ್ಲೇ ಎಡವುತ್ತವೆ.

ತುಂಗಾತೀರ

ಮಿರಾಕ್ಸ್‌ನ ಕಪ್ಪು: ಆ ಸ್ಕ್ಯಾನರ್ ಖಾಲಿ ಗಾಜನ್ನು ಸ್ಕ್ಯಾನ್ ಮಾಡುವುದೇ ಇಲ್ಲ. ತುಣುಕು ಇರುವ ಕಡೆ ಮಾತ್ರ. ಉಳಿದ ಜಾಗದಲ್ಲಿ ಪಿಕ್ಸೆಲ್ಲೇ ಇಲ್ಲ. ಓಪನ್‌ಸ್ಲೈಡ್ ಅದನ್ನು ಪಾರದರ್ಶಕ ಅಂತ ಕೊಡುತ್ತೆ, ಆರ್‌ಜಿಬಿಎಯಲ್ಲಿ (ಕೆಂಪು, ಹಸಿರು, ನೀಲಿ, ನಾಲ್ಕನೆಯದು ಪಾರದರ್ಶಕತೆ) ನಾಲ್ಕೂ ಸೊನ್ನೆ. ನೀವು ಅದನ್ನು ಆರ್‌ಜಿಬಿಗೆ ಕನ್ವರ್ಟ್ ಅಂತ ಹೇಳಿದ ಕೂಡಲೇ ನಾಲ್ಕನೆಯದು ಬಿದ್ದುಹೋಗುತ್ತೆ, ಉಳಿದದ್ದು ಸೊನ್ನೆ ಸೊನ್ನೆ ಸೊನ್ನೆ. ಕಪ್ಪು.

ನಾವು ಇದೇ ತಪ್ಪಿನಿಂದ ಒಂದು ಎಐ ಮಾಡೆಲ್ ಹಾಳು ಮಾಡಿಕೊಂಡಿದ್ದೆವು. ತುಣುಕು ಎಲ್ಲಿದೆ ಅಂತ ಹುಡುಕೋಕೆ "ಬಿಳಿಯಲ್ಲದ್ದೆಲ್ಲ ತುಣುಕು" ಅಂತ ಬರೆದಿದ್ದೆವು. ಕಪ್ಪು ಬಿಳಿಯಲ್ಲ ತಾನೇ? ಎರಡು ವಾರ ಮಾಡೆಲ್‌ಗೆ ಕತ್ತಲೆ ಕಲಿಸಿದೆವು. ಬಿಳಿ ಹಾಳೆ ಮೇಲೆ ಅಂಟಿಸಿ ಆಮೇಲೆ ಕನ್ವರ್ಟ್ ಮಾಡಿ. ಡೀಪ್‌ಝೂಮ್ ಜನರೇಟರ್ ಇದನ್ನೂ ತಾನೇ ಮಾಡುತ್ತೆ. ಅದರಲ್ಲಿ ಲಿಮಿಟ್-ಬೌಂಡ್ಸ್ ಹಾಕಿದರೆ ತುಣುಕಿಲ್ಲದ ಮೈದಾನವನ್ನೆಲ್ಲ ಬಿಟ್ಟುಬಿಡುತ್ತೆ.

ಬಯಲುಸೀಮೆ

ಮಾಡೆಲ್ ಮಾತು ಬಂತು ಅಂತ ಹೇಳುತ್ತೇನೆ. 20ಎಕ್ಸ್, 40ಎಕ್ಸ್ ಅನ್ನೋ ಅಂಕಿಯನ್ನೂ ನಂಬಬೇಡಿ. ಕ್ಯಾಮೆಲಿಯಾನ್16 ಅಂತ ಸ್ತನ ಕ್ಯಾನ್ಸರ್‌ನ ಲಿಂಫ್ ನೋಡ್‌ಗಳ 400 ಸ್ಲೈಡ್ ಇದೆ, ನೆದರ್‌ಲ್ಯಾಂಡ್ಸ್‌ನ ಎರಡು ಆಸ್ಪತ್ರೆಗಳದು. ರಾಡ್‌ಬೌಡ್‌ನವರು 20ಎಕ್ಸ್ ಲೆನ್ಸ್ ಬಳಸಿದ್ದಾರೆ, ಪಿಕ್ಸೆಲ್‌ಗೆ 0.243 ಮೈಕ್ರಾನ್. ಉಟ್ರೆಕ್ಟ್‌ನವರು 40ಎಕ್ಸ್ ಲೆನ್ಸ್, 0.226 ಮೈಕ್ರಾನ್. ಹೆಸರಿಗೆ ಎರಡು ಪಟ್ಟು, ಅಳತೆಯಲ್ಲಿ ಹೆಚ್ಚೂಕಮ್ಮಿ ಒಂದೇ! ಓಪನ್‌ಸ್ಲೈಡ್‌ನ ಪ್ರಾಪರ್ಟಿಗಳಲ್ಲಿ ಎಂಪಿಪಿ ಅಂತ ಇರುತ್ತೆ, ಪಿಕ್ಸೆಲ್‌ಗೆ ಎಷ್ಟು ಮೈಕ್ರಾನ್ ಅಂತ. ಅಳತೆಪಟ್ಟಿ ತೋರಿಸುವುದಾದರೆ ಅದನ್ನೇ ಬಳಸಿ.

ಸ್ಟೇನ್‌ಡಾಕ್ಟರ್

ಅಳತೆಪಟ್ಟಿ ಖಂಡಿತ ಬೇಕು. ನಾವು ಹುಡುಗರಿಗೆ ಹೇಳಿಕೊಡುವುದು ಕೆಂಪು ರಕ್ತಕಣದ ಜೊತೆ ಹೋಲಿಸಿ ಅಂತ. ಅದು ಏಳು ಮೈಕ್ರಾನ್ ಚಿಲ್ಲರೆ. ನಿಮ್ಮ ಅಳತೆಪಟ್ಟಿಯಲ್ಲಿ ಅದು ಹದಿನಾಲ್ಕು ತೋರಿಸಿದರೆ ನೀವೇ ತಪ್ಪು, ರಕ್ತಕಣ ಅಲ್ಲ.

ಮತ್ತೆ ದಯವಿಟ್ಟು "ಪಾಠಕ್ಕೆ ಮಾತ್ರ, ರೋಗ ನಿರ್ಣಯಕ್ಕೆ ಅಲ್ಲ" ಅಂತ ವ್ಯೂವರ್ ಮೇಲೆ ಕಾಣುವ ಹಾಗೆ ಬರೆಯಿರಿ. ಅಮೆರಿಕದ ಎಫ್‌ಡಿಎ ಇಂಥ ವ್ಯವಸ್ಥೆಗೆ ರೋಗ ನಿರ್ಣಯಕ್ಕೆ ಅಂತ ಮೊದಲು ಒಪ್ಪಿಗೆ ಕೊಟ್ಟದ್ದು 2017ರಲ್ಲಿ. ಅದೂ ಸ್ಕ್ಯಾನರ್, ಸಾಫ್ಟ್‌ವೇರ್, ಮಾನಿಟರ್ ಮೂರನ್ನೂ ಸೇರಿಸಿ ಪರೀಕ್ಷಿಸಿ. ನಾಳೆ ಯಾವನೋ ಪಿಜಿ ಮೊಬೈಲ್‌ನಲ್ಲಿ ನೋಡಿ ಅಭಿಪ್ರಾಯ ಹೇಳೋಕೆ ಶುರು ಮಾಡುತ್ತಾನೆ. ಮಾಡೇ ಮಾಡುತ್ತಾನೆ.

ನೆಲಮಾಳಿಗೆ

ಫಿಲಿಪ್ಸ್ ಸ್ಕ್ಯಾನರ್‌ನ ಐಸಿಂಟ್ಯಾಕ್ಸ್ ಫೈಲ್ ಬಂದರೆ ಏನು ಮಾಡಬೇಕು ಅಂತಲೂ ಬಾಸ್‌ಗೆ ಹೇಳಿಟ್ಟಿರಿ. ಓಪನ್‌ಸ್ಲೈಡ್ 4.0.0 ಫಿಲಿಪ್ಸ್‌ನ ಟಿಫ್ ಓದುತ್ತೆ, ಐಸಿಂಟ್ಯಾಕ್ಸ್ ಓದಲ್ಲ. ಟಿಫ್ ಮಾಡಿಕೊಡಿ ಅಂತ ಅವರನ್ನೇ ಕೇಳಬೇಕು.

ಕೋಡುಬಳೆ

ಸೋಮವಾರ. ಬಾಸ್‌ಗೆ ಒಂದು ಪುಟ ಬರೆದುಕೊಟ್ಟೆ. ಓಪನ್‌ಸ್ಲೈಡ್ ಸಾಕು. ಫ್ಲೋರೆಸೆನ್ಸ್ ಬಂದರೆ ಬೇರೆ ಒಪ್ಪಂದ, ಬೇರೆ ದುಡ್ಡು. ಮಿರಾಕ್ಸ್ ಜಿಪ್‌ನಲ್ಲೇ ಬರಬೇಕು. ಪೆನ್‌ಡ್ರೈವ್ ಬೇಡ. ಮ್ಯಾಕ್ರೋ, ಲೇಬಲ್ ಯಾವುದೂ ಹೊರಗೆ ಹೋಗಬಾರದು. ಬಾಸ್ ಓದಿ ಕೇಳಿದ್ದು ಒಂದೇ: "ಇದು ಫ್ರೀ ಅಲ್ವಾ, ಮತ್ತೆ ನೀವು ಎರಡು ವಾರ ಏನು ಮಾಡ್ತಿದ್ರಿ?"

ಕಂಪೈಲರ್ ಕಾಕಾ

ಹಸು ಫುಕ್ಕಟ ಸಿಕ್ಕರೂ ಹಾಲು ನಾವ ಹಿಂಡಬೇಕು ಅಂತ ಹೇಳ್ರಿ.

ರಾಗಿಮುದ್ದೆ

ಸರ್ವರ್‌ನಲ್ಲಿ ಹಲವು ಪ್ರೊಸೆಸ್ ಓಡಿಸುವುದಾದರೆ ಪ್ರತಿಯೊಂದರ ಒಳಗೇ ಸ್ಲೈಡ್ ತೆಗೆಯಿರಿ. ಮೊದಲೇ ತೆಗೆದು ಆಮೇಲೆ ಫೋರ್ಕ್ (ಪ್ರೊಸೆಸ್‌ನ ನಕಲು) ಮಾಡಬೇಡಿ. ಪ್ರತಿ ಟೈಲಿಗೂ ತೆಗೆದು ಮುಚ್ಚುವುದೂ ಬೇಡ. ಇತ್ತೀಚೆಗೆ ನೋಡಿದ ಒಂದಷ್ಟು ಸ್ಲೈಡ್ ತೆರೆದಿಟ್ಟುಕೊಳ್ಳಿ. ಉದಾಹರಣೆಯ ಮಲ್ಟಿಸರ್ವರ್‌ನಲ್ಲಿ ಹಾಗೇ ಮಾಡಿದ್ದಾರೆ, ನೋಡಿ ಕದಿಯಿರಿ.

ಸ್ಟೇನ್‌ಡಾಕ್ಟರ್

ಗ್ರಹಣ ಬಿಟ್ಟಿತಾ?

ಕೋಡುಬಳೆ

ಬಿಟ್ಟಿತು ಮೇಡಂ. ಈಗ ಎಲ್ಲಾ ಬಿಳಿ. ಆದರೆ ಹೊಸ ತಕರಾರು. ನಾವು ತುಂಬಿದ್ದು ಅಪ್ಪಟ ಬಿಳಿ. ಸ್ಕ್ಯಾನ್ ಆದ ಗಾಜು ಸ್ವಲ್ಪ ಬೂದು ಬಿಳಿ. ಎರಡು ಸೇರುವ ಕಡೆ ಗೆರೆ ಕಾಣುತ್ತೆ, ಮೆಟ್ಟಿಲು ಮೆಟ್ಟಿಲಾಗಿ. ಕಾಲೇಜಿನವರು ಡೆಮೋ ನೋಡಿ "ಗಾಜು ಒಡೆದಿದೆ, ಬೇರೆ ಸ್ಲೈಡ್ ಕಳಿಸುತ್ತೇವೆ" ಅಂದರು.

ಸ್ಟೇನ್‌ಡಾಕ್ಟರ್

ಕಳಿಸಲಿ ಬಿಡಿ. ಪೆನ್‌ಡ್ರೈವ್‌ನಲ್ಲಿ ಬೇಡ ಅನ್ನಿ.